ಕಂಪ್ಯೂಟರ್ ಜ್ಞಾನದ 30 ಅಂಕ: ನಮ್ಮ ಮಕ್ಕಳು ತಯಾರಾಗುವುದು ಹೇಗೆ?

ವರದಿಯ ಲೆಕ್ಕಪತ್ರಗಳ ನಡುವೆ ಮಕ್ಕಳ ಓದಿಗೆ ನೇರವಾಗಿ ಉಪಯೋಗವಾಗುವ ಒಂದು ಪಾಠವೂ ಇರಲಿ ಎಂದು ಟ್ರಸ್ಟಿನ ಹಿರಿಯರು ಸೂಚಿಸಿದ್ದರಿಂದ ಈ ಲೇಖನ. ಭಾನುವಾರದ ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುವವನಾಗಿ ನಾನು ಕಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಿರೇಕೊಟ್ನೆಕಲ್‌ನ ಒಬ್ಬ ಹುಡುಗಿಯಿಂದ ಆರಂಭಿಸುತ್ತೇನೆ. ಪದವಿ ಮುಗಿಸಿದ್ದಾಳೆ, ಓದಿನಲ್ಲಿ ಚುರುಕು. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ನಡೆಸಿದ ಪರೀಕ್ಷೆಯನ್ನು ಬರೆದಳು. ತಲಾ 100 ಅಂಕಗಳ ಎರಡು ಪತ್ರಿಕೆಗಳು. ಎರಡನೆಯದರಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30. ಕನ್ನಡ, ಇಂಗ್ಲಿಷ್ ಎರಡನ್ನೂ ಚೆನ್ನಾಗಿಯೇ ಮಾಡಿದಳು. ಕಂಪ್ಯೂಟರ್ ಭಾಗಕ್ಕೆ ಒಂದು ಗೈಡನ್ನು ಮೂರು ಸಲ ಓದಿ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಹಾಲ್‌ನಲ್ಲಿ ನಾಲ್ಕೂ ಆಯ್ಕೆಗಳು ಒಂದೇ ತರಹ ಕಂಡವಂತೆ. ಆಮೇಲೆ ತರಗತಿಗೆ ಬಂದಾಗ ಗೊತ್ತಾಯಿತು, ಆಕೆ ಮೊದಲ ಬಾರಿ ಮೌಸ್ ಹಿಡಿದದ್ದೇ ಪರೀಕ್ಷೆ ಮುಗಿದ ಮೇಲೆ. "ಸರ್, ಫೋನ್‌ನ್ಯಾಗ ಎಲ್ಲಾ ಮಾಡ್ತೀನ್ರಿ, ಇದ್ರಾಗ ಫೈಲ್ ಎಲ್ಲಿ ಹೋತು ಅಂತನ ಗೊತ್ತಾಗವಲ್ದು" ಎಂದಳು.

ಆ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಕಂಪ್ಯೂಟರ್ ಜ್ಞಾನದ ಪ್ರಶ್ನೆಗಳು ಪುಸ್ತಕದ ಪ್ರಶ್ನೆಗಳಂತೆ ಕಾಣುತ್ತವೆಯೇ ಹೊರತು, ಅವುಗಳಲ್ಲಿ ಹೆಚ್ಚಿನವು ಕೈಯ ಪ್ರಶ್ನೆಗಳು. ಒಮ್ಮೆ ಕೈಯಿಂದ ಮಾಡಿದವರಿಗೆ ಉತ್ತರ ತಾನಾಗಿ ಬರುತ್ತದೆ. ಓದಿ ಮಾತ್ರ ಗೊತ್ತಿರುವವರಿಗೆ ಆಯ್ಕೆಗಳು ಕಲಸಿಹೋಗುತ್ತವೆ. ಕಲ್ಯಾಣ ಕರ್ನಾಟಕದ ನಮಗೆ 371(ಜೆ) ವಿಧಿಯ ಅಡಿಯಲ್ಲಿ ಸ್ಥಳೀಯ ಹುದ್ದೆಗಳ ಮೀಸಲು ಇದೆ ನಿಜ. ಆದರೆ ಆ ಮೀಸಲಿನ ಒಳಗೂ ಸ್ಪರ್ಧೆ ಇರುತ್ತದೆ, ಅಲ್ಲಿ ಒಂದೊಂದು ಅಂಕವೂ ಎಣಿಕೆಗೆ ಬರುತ್ತದೆ. ಇತಿಹಾಸ, ಭೂಗೋಳ ಓದಲು ತಿಂಗಳುಗಟ್ಟಲೆ ಕೊಡುವ ಮಕ್ಕಳು, ಹನ್ನೆರಡು ವಾರಗಳಲ್ಲಿ ಹಿಡಿತಕ್ಕೆ ಬರುವ ಈ 30 ಅಂಕಗಳನ್ನು ಕೊನೆಯ ಎರಡು ದಿನಕ್ಕೆ ತಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಫೈಲು, ಫೋಲ್ಡರು

ಮೊದಲ ಎರಡು ವಾರ ನಾನು ಬೇರೇನನ್ನೂ ಹೇಳಿಕೊಡುವುದಿಲ್ಲ. ಫೋನು ಫೈಲುಗಳನ್ನು ನಮ್ಮಿಂದ ಮರೆಮಾಡಿ ಇಡುತ್ತದೆ. ಫೋಟೊ ಗ್ಯಾಲರಿಯಲ್ಲಿ, ವಾಟ್ಸಾಪಿನದು ವಾಟ್ಸಾಪಿನಲ್ಲಿ, ಎಲ್ಲಿದೆ ಎಂದು ಕೇಳುವ ಗೋಜೇ ಇಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಂದು ಮನೆ ಇದೆ, ಮನೆಗೆ ವಿಳಾಸ ಇದೆ. ರಾಯಚೂರು ಜಿಲ್ಲೆ, ಮಾನ್ವಿ ತಾಲೂಕು, ಹಿರೇಕೊಟ್ನೆಕಲ್ ಎಂದು ಪತ್ರದ ಮೇಲೆ ಬರೆಯುವ ಹಾಗೆಯೇ ಡ್ರೈವ್, ಫೋಲ್ಡರ್, ಒಳ ಫೋಲ್ಡರ್, ಕೊನೆಗೆ ಫೈಲಿನ ಹೆಸರು. ಇದಕ್ಕೆ ಪಾತ್ ಎನ್ನುತ್ತಾರೆ. ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಅಕ್ಷರಗಳು ಎಕ್ಸ್‌ಟೆನ್ಷನ್: ವರ್ಡ್ ಫೈಲಿಗೆ ಡಾಕ್‌ಎಕ್ಸ್, ಎಕ್ಸೆಲ್‌ಗೆ ಎಕ್ಸ್‌ಎಲ್‌ಎಸ್‌ಎಕ್ಸ್, ಪವರ್‌ಪಾಯಿಂಟ್‌ಗೆ ಪಿಪಿಟಿಎಕ್ಸ್, ಫೋಟೊಗೆ ಜೆಪೆಗ್. ಪರೀಕ್ಷೆಯಲ್ಲಿ ಇದರ ಮೇಲೊಂದು ಪ್ರಶ್ನೆ ಬರುವುದು ತೀರ ಸಾಮಾನ್ಯ.

ಕೊಡುವ ಕೆಲಸ ಇಷ್ಟೇ. ನಿಮ್ಮ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಂದು ಬೇರೆ ಬೇರೆ ಫೋಲ್ಡರ್ ಮಾಡಿ, ಫೋನಿನಲ್ಲಿರುವ ಪ್ರತಿಗಳನ್ನು ಅಲ್ಲಿ ತಂದು ಹಾಕಿ, ಎಫ್2 ಒತ್ತಿ ಹೆಸರು ಬದಲಿಸಿ. ಕಾಪಿ ಮಾಡಿದರೆ ಫೈಲು ಎರಡೂ ಕಡೆ ಇರುತ್ತದೆ, ಕಟ್ ಮಾಡಿ ಪೇಸ್ಟ್ ಮಾಡಿದರೆ ಹೊಸ ಕಡೆ ಮಾತ್ರ. ಅಳಿಸಿದ ಫೈಲು ರೀಸೈಕಲ್ ಬಿನ್‌ಗೆ ಹೋಗುತ್ತದೆ, ಅಲ್ಲಿಂದ ಮರಳಿ ತರಬಹುದು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಬಿನ್‌ಗೂ ಹೋಗುವುದಿಲ್ಲ. ಪೆನ್‌ಡ್ರೈವಿನಿಂದ ಅಳಿಸಿದ್ದೂ ಸಾಮಾನ್ಯವಾಗಿ ಬಿನ್‌ಗೆ ಬರುವುದಿಲ್ಲ. ಇದನ್ನು ಒಬ್ಬ ಹುಡುಗ ತನ್ನ ಪ್ರಾಜೆಕ್ಟ್ ಕಳೆದುಕೊಂಡು ಕಲಿತ. ಇನ್ನು ಜೀವನಪೂರ್ತಿ ಮರೆಯುವುದಿಲ್ಲ ಬಿಡಿ.

ಹಗೇವು ಮತ್ತು ರೊಟ್ಟಿಯ ಹಲಗೆ

ರ‍್ಯಾಮ್, ರಾಮ್, ಹಾರ್ಡ್ ಡಿಸ್ಕ್ ಈ ಮೂರರ ವ್ಯತ್ಯಾಸವನ್ನು ಎಷ್ಟು ಸಲ ಬರೆಸಿದರೂ ಮಕ್ಕಳು ಮರೆಯುತ್ತಿದ್ದರು. ಒಂದು ದಿನ ಮನೆಯ ಮಾತಿನಲ್ಲಿ ಹೇಳಿದೆ. ಹಿಂದಿನವರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಅದು ಹಾರ್ಡ್ ಡಿಸ್ಕ್. ಜಾಗ ದೊಡ್ಡದು, ತೆಗೆಯುವುದು ನಿಧಾನ, ಇಟ್ಟದ್ದು ಹಾಗೇ ಇರುತ್ತದೆ. ರೊಟ್ಟಿ ಬಡಿಯುವ ಹಲಗೆ ರ‍್ಯಾಮ್. ಈಗ ಮಾಡುತ್ತಿರುವ ಕೆಲಸ ಅಲ್ಲಿ, ಜಾಗ ಚಿಕ್ಕದು, ಕೈಗೆ ಹತ್ತಿರ, ಕೆಲಸ ಮುಗಿದ ಮೇಲೆ ಒರೆಸಿ ಖಾಲಿ. ಬಡಿಯುವ ಅಮ್ಮನ ಕೈ ಸಿಪಿಯು. ಹಲಗೆ ದೊಡ್ಡದಾದರೆ ಒಟ್ಟಿಗೆ ಹೆಚ್ಚು ಉಂಡೆ ಇಟ್ಟುಕೊಳ್ಳಬಹುದು, ಅಂದರೆ ರ‍್ಯಾಮ್ ಹೆಚ್ಚಿದ್ದರೆ ಒಂದೇ ಸಲಕ್ಕೆ ಹೆಚ್ಚು ಪ್ರೋಗ್ರಾಂ ತೆರೆಯಬಹುದು. ಇನ್ನು ರಾಮ್ ಎಂದರೆ ಒಲೆ ಹೊತ್ತಿಸುವ ವಿಧಾನವಿದ್ದಂತೆ. ಕಂಪ್ಯೂಟರ್ ಆನ್ ಆದಾಗ ಮೊದಲು ಏನು ಮಾಡಬೇಕೆಂಬ ಸೂಚನೆ ಅದರಲ್ಲಿರುತ್ತದೆ, ಕರೆಂಟು ಹೋದರೂ ಅಳಿಯುವುದಿಲ್ಲ.

ಕರೆಂಟು ಎಂದಾಗ ನೆನಪಾಯಿತು. ಒಬ್ಬಳು ಎರಡು ಪುಟದ ಅರ್ಜಿಯನ್ನು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದಳು, ಸೇವ್ ಮಾಡಿರಲಿಲ್ಲ. ಕರೆಂಟು ಹೋಯಿತು. ಕಣ್ಣಲ್ಲಿ ನೀರು ಬಂತು. ವೊಲಟೈಲ್ ಮೆಮೊರಿ ಎಂದರೇನು ಎಂದು ಅವಳಿಗೆ ಮತ್ತೆ ಹೇಳಬೇಕಾಗಿಯೇ ಬರಲಿಲ್ಲ. ಈಗ ಪ್ರತಿ ಸಾಲಿಗೂ ಕಂಟ್ರೋಲ್ ಎಸ್ ಒತ್ತುತ್ತಾಳೆ.

ತಕ್ಕಡಿಯ ಕಲ್ಲುಗಳು

ಬೈನರಿ ಎಂದ ಕೂಡಲೇ ಕಲಾ ವಿಭಾಗದ ಮಕ್ಕಳು ಪೆನ್ನು ಕೆಳಗಿಡುತ್ತಾರೆ. ಇಷ್ಟು ಸುಲಭವಾಗಿ ಸಿಗುವ ಅಂಕ ಇನ್ನೊಂದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯೋಣ.

ಕಿರಾಣಿ ಅಂಗಡಿಯಲ್ಲಿ 1, 2, 5, 10 ಕಿಲೋದ ಕಲ್ಲುಗಳಿರುತ್ತವೆ. ಅದರ ಬದಲು 1, 2, 4, 8, 16 ಕಿಲೋದ ಒಂದೊಂದೇ ಕಲ್ಲು ಇದೆ ಎಂದುಕೊಳ್ಳಿ. ಪ್ರತಿ ಕಲ್ಲು ಹಿಂದಿನದರ ಎರಡರಷ್ಟು. ಈ ಐದು ಕಲ್ಲುಗಳಿಂದ 1ರಿಂದ 31ರವರೆಗೆ ಯಾವ ತೂಕವನ್ನಾದರೂ ತೂಗಬಹುದು, ಪ್ರತಿ ತೂಕಕ್ಕೂ ಒಂದೇ ದಾರಿ. 21 ಕಿಲೋ ಹತ್ತಿ ತೂಗಬೇಕು. 16 ಇಡಿ, ಇನ್ನು 5 ಬೇಕು. 8 ಹೆಚ್ಚಾಯಿತು, ಬೇಡ. 4 ಇಡಿ, ಇನ್ನು 1. 2 ಬೇಡ. 1 ಇಡಿ. ಇಟ್ಟ ಕಲ್ಲಿಗೆ 1, ಬಿಟ್ಟ ಕಲ್ಲಿಗೆ 0 ಎಂದು ದೊಡ್ಡ ಕಲ್ಲಿನಿಂದ ಬರೆಯುತ್ತಾ ಬನ್ನಿ: 10101. ಇದೇ 21ರ ಬೈನರಿ. ತಿರುಗಿಸಿ ಕೇಳಿದರೂ ಅಷ್ಟೇ. 10110 ಎಂದರೆ 16, 4, 2 ಇಟ್ಟಿದ್ದಾರೆ, ಒಟ್ಟು 22.

ಗೈಡುಗಳಲ್ಲಿ ಬೇರೆ ವಿಧಾನ ಇರುತ್ತದೆ. 21ನ್ನು 2ರಿಂದ ಭಾಗಿಸಿ, ಭಾಗಲಬ್ಧ 10, ಶೇಷ 1. ಹತ್ತನ್ನು ಭಾಗಿಸಿ, 5, ಶೇಷ 0. ಐದನ್ನು, 2, ಶೇಷ 1. ಎರಡನ್ನು, 1, ಶೇಷ 0. ಒಂದನ್ನು, 0, ಶೇಷ 1. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಮತ್ತೆ 10101. ಸೊನ್ನೆ ಬರುವವರೆಗೆ ಇದೇ ಹೆಜ್ಜೆಯನ್ನು ತಪ್ಪದೆ ಮಾಡು ಎಂಬ ಇಂಥ ಕ್ರಮಬದ್ಧ ಸೂಚನೆಗೆ ಅಲ್ಗಾರಿದಮ್ ಎಂದು ಹೆಸರು. ಆ ಪದ ಬಂದದ್ದು ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯವರ ಹೆಸರಿನಿಂದ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಅವರು ಬರೆದರು. ಆ ಬರಹ ಲ್ಯಾಟಿನ್ ಭಾಷೆಗೆ ಹೋದಾಗ ಅವರ ಹೆಸರೇ ಯುರೋಪಿನವರ ಬಾಯಲ್ಲಿ ಲೆಕ್ಕದ ವಿಧಾನದ ಹೆಸರಾಯಿತು. ಭಾರತದ ಸೊನ್ನೆ, ಬಾಗ್ದಾದಿನ ವಿಧಾನ ಎರಡೂ ಸೇರಿದ್ದು ಈ ಒಂದು ಲೆಕ್ಕದಲ್ಲಿ ಎಂದು ಹೇಳಿದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಪೆನ್ನು ಮತ್ತೆ ಕೈಗೆ ಬರುತ್ತದೆ.

ಒಂದು 0 ಅಥವಾ 1ಕ್ಕೆ ಬಿಟ್, ನಾಲ್ಕಕ್ಕೆ ನಿಬಲ್, ಎಂಟಕ್ಕೆ ಬೈಟ್. 1024 ಬೈಟಿಗೆ ಒಂದು ಕಿಲೋಬೈಟ್, 1024 ಕಿಲೋಬೈಟಿಗೆ ಒಂದು ಮೆಗಾಬೈಟ್, ಮುಂದೆ ಗಿಗಾ, ಟೆರಾ. ಪರೀಕ್ಷೆಯಲ್ಲಿ 1000 ಮತ್ತು 1024 ಎರಡೂ ಆಯ್ಕೆಯಲ್ಲಿದ್ದರೆ 1024 ಬರೆಯುವುದು ರೂಢಿ. ಆದರೆ ಪೆನ್‌ಡ್ರೈವ್ ತಯಾರಿಸುವವರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. 32 ಜಿಬಿ ಎಂದು ಕೊಂಡದ್ದು ಪರದೆಯ ಮೇಲೆ ಸುಮಾರು 29.8 ಎಂದು ಕಾಣುವುದು ಅದಕ್ಕೇ. ಅಂಗಡಿಯವನು ಮೋಸ ಮಾಡಿದನೆಂದು ಜಗಳಕ್ಕೆ ಹೋಗಬೇಡಿ.

ನಮ್ಮ ಅಕ್ಷರ ಎಷ್ಟು ಬೈಟು?

ಆಸ್ಕಿ ಎಂಬ ಹಳೆಯ ಪಟ್ಟಿಯಲ್ಲಿ 128 ಸಂಕೇತಗಳಿಗೆ ಮಾತ್ರ ಜಾಗ. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65, ಚಿಕ್ಕ ಎ ಅಕ್ಷರಕ್ಕೆ 97. ಈ ಎರಡು ಅಂಕಿಗಳನ್ನು ನೆನಪಿಟ್ಟರೆ ಉಳಿದದ್ದನ್ನು ಎಣಿಸಿಕೊಳ್ಳಬಹುದು, ಬಿ 66, ಸಿ 67. ಕನ್ನಡಕ್ಕೆ, ಉರ್ದುವಿಗೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಪೀಠದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಪತ್ರವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಫೈಲು ಕೆಟ್ಟಿಲ್ಲ, ಪೀಠದ ಮೇಲೆ ಯಾರು ಕೂತಿದ್ದಾರೆಂದು ಆ ಯಂತ್ರಕ್ಕೆ ಗೊತ್ತಿಲ್ಲ, ಅಷ್ಟೆ.

1991ರಲ್ಲಿ ಬಂದ ಯುನಿಕೋಡ್ ಕನ್ನಡಕ್ಕೂ ಉರ್ದುವಿಗೂ ಸ್ವಂತ ಪೀಠ ಕೊಟ್ಟಿತು. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು ಬೇಕು. ಮಾನ್ವಿ ಎಂದು ಕನ್ನಡದಲ್ಲಿ ಬರೆದಾಗ ಕಣ್ಣಿಗೆ ಎರಡೇ ಅಕ್ಷರ. ಯಂತ್ರಕ್ಕೆ ಮ, ದೀರ್ಘದ ಗುರುತು, ನ, ವಿರಾಮ, ವ, ಗುಡಿಸು ಎಂದು ಆರು ಸಂಕೇತ, ಅಂದರೆ 18 ಬೈಟು. ಇಂಗ್ಲಿಷ್ ಲಿಪಿಯಲ್ಲಿ ಅದೇ ಊರಿನ ಹೆಸರು ಐದು ಅಕ್ಷರ, ಐದು ಬೈಟು. ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಒಂದು ಮಾತು: ನೀವು ಮೂರು ಲಿಪಿ ಬಲ್ಲವರು, ಅದು ನಿಮ್ಮ ಕೊರತೆಯಲ್ಲ. ಆದರೆ ಕಂಪ್ಯೂಟರಿನ ಪದಗಳನ್ನು ಇಂಗ್ಲಿಷ್ ಹೆಸರಿನಲ್ಲೇ ಕಲಿಯಿರಿ. ಕನ್ನಡ ಪ್ರಶ್ನೆಯಲ್ಲಿ ಇನ್‌ಪುಟ್ ಸಾಧನಕ್ಕೆ ಯಾವ ಅನುವಾದ ಹಾಕಿದ್ದರೂ ಪಕ್ಕದ ಇಂಗ್ಲಿಷ್ ಪ್ರಶ್ನೆಯನ್ನು ಒಮ್ಮೆ ನೋಡಿದರೆ ಗೊಂದಲ ಬಿಡುತ್ತದೆ.

ಎಕ್ಸೆಲ್: ಹಣದ ಲೆಕ್ಕದಿಂದ ಕಲಿಯುವುದು

ಸ್ಪ್ರೆಡ್‌ಶೀಟ್ ಕಲಿಸಲು ನಾನು ಬಳಸುವುದು ಮನೆಯಲ್ಲೇ ಇರುವ ಲೆಕ್ಕ. ಎ ಕಂಬಸಾಲಿನಲ್ಲಿ ಹೆಸರು, ಬಿ ಸಾಲಿನಲ್ಲಿ ಝಕಾತ್ ಕೊಡಬೇಕಾದ ಮೊತ್ತ, ಸಿ ಸಾಲಿನಲ್ಲಿ ಅದರ ಶೇ. 2.5. ಯಾವ ಆಸ್ತಿ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಆಲಿಮರಲ್ಲಿ ಕೇಳಬೇಕು, ನಾವಿಲ್ಲಿ ಗುಣಾಕಾರ ಮಾತ್ರ ಮಾಡುತ್ತೇವೆ. ಬಿ2ರಲ್ಲಿ 1,00,000 ಇದ್ದರೆ ಸಿ2ರಲ್ಲಿ ಸಮ ಚಿಹ್ನೆ ಹಾಕಿ ಬಿ2 ಗುಣಿಸು 2.5 ಶೇಕಡಾ ಎಂದು ಬರೆದರೆ 2,500 ಬರುತ್ತದೆ. ಪ್ರತಿ ಸೂತ್ರವೂ ಸಮ ಚಿಹ್ನೆಯಿಂದ ಆರಂಭವಾಗಬೇಕು, ಇದೇ ಒಂದು ಪ್ರಶ್ನೆ. ಸೂತ್ರವನ್ನು ಕೆಳಗೆ ಎಳೆದರೆ ಬಿ2 ತಾನಾಗಿ ಬಿ3, ಬಿ4 ಆಗುತ್ತದೆ.

ಈಗ ಶೇಕಡಾ ದರವನ್ನು ಇ1 ಎಂಬ ಮನೆಯಲ್ಲಿ ಒಂದೇ ಸಲ ಬರೆದು ಬಿ2 ಗುಣಿಸು ಇ1 ಎಂದು ಕೊಡಿ. ಕೆಳಗೆ ಎಳೆದ ಕೂಡಲೇ ಎರಡನೆಯ ಸಾಲಿನಿಂದ ಸೊನ್ನೆ. ಏಕೆ? ಇ1 ಕೂಡ ಇ2, ಇ3 ಆಗಿ ಖಾಲಿ ಮನೆಗೆ ಹೋಯಿತು. ಅದನ್ನು ಜಾಗದಲ್ಲೇ ಕಟ್ಟಿಹಾಕಲು ಕಂಬದ ಅಕ್ಷರದ ಮುಂದೆ, ಸಾಲಿನ ಅಂಕಿಯ ಮುಂದೆ ಡಾಲರ್ ಚಿಹ್ನೆ ಹಾಕಬೇಕು. ಎಕ್ಸೆಲ್‌ನಲ್ಲಿ ಎಫ್4 ಒತ್ತಿದರೆ ಅದೇ ಹಾಕುತ್ತದೆ. ಇದು ಅಬ್ಸಲ್ಯೂಟ್ ರೆಫರೆನ್ಸ್, ಹಿಂದಿನದು ರಿಲೇಟಿವ್. ಗೈಡಿನಲ್ಲಿ ಎರಡು ಸಾಲಿನ ವ್ಯಾಖ್ಯೆ ಓದಿ ಅರ್ಥವಾಗದ್ದು, ಸೊನ್ನೆಗಳ ಸಾಲು ಕಣ್ಣೆದುರು ಬಿದ್ದಾಗ ಅರ್ಥವಾಗುತ್ತದೆ.

ಸರಾಸರಿಯ ಲೆಕ್ಕದಲ್ಲಿ ಇನ್ನೊಂದು ಬಲೆ ಇದೆ. ಮೂರು ವಿಷಯಗಳ ಮನೆಗಳಲ್ಲಿ 60, 40, ಮೂರನೆಯದು ಖಾಲಿ. ಆವರೇಜ್ ಕೇಳಿದರೆ 50 ಎನ್ನುತ್ತದೆ, ಖಾಲಿ ಮನೆಯನ್ನು ಎಣಿಸುವುದಿಲ್ಲ. ಅಲ್ಲಿ 0 ಬರೆದರೆ 33.33. ಪರೀಕ್ಷೆಗೆ ಗೈರಾದ ಮಗುವಿಗೂ ಸೊನ್ನೆ ಅಂಕ ಬಂದ ಮಗುವಿಗೂ ಇರುವ ವ್ಯತ್ಯಾಸವೇ ಇದು. ವಿದ್ಯಾರ್ಥಿವೇತನದ ಪಟ್ಟಿ ಮಾಡುವ ನಾವೂ ಇದರಲ್ಲಿ ಎಚ್ಚರವಾಗಿರಬೇಕು. ಹಾಗೆಯೇ ಕೌಂಟ್ ಅಂಕಿಗಳಿರುವ ಮನೆಗಳನ್ನು ಮಾತ್ರ ಎಣಿಸುತ್ತದೆ, ಕೌಂಟ್‌ಎ ಹೆಸರುಗಳನ್ನೂ ಸೇರಿಸಿ ಖಾಲಿಯಲ್ಲದ ಎಲ್ಲವನ್ನೂ.

ಶಾರ್ಟ್‌ಕಟ್ ಕೀಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ, ಎಲ್ಲ ಗೈಡಿನಲ್ಲೂ ಇದೆ. ಹೇಳಬೇಕಾದದ್ದು ಒಂದೇ: ಕೀಯನ್ನು ಪ್ರೋಗ್ರಾಂ ಜೊತೆಗೆ ನೆನಪಿಡಿ. ಎಫ್5 ಬ್ರೌಸರಿನಲ್ಲಿ ಪುಟವನ್ನು ಮತ್ತೆ ತರುತ್ತದೆ, ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ಆರಂಭಿಸುತ್ತದೆ, ಎಕ್ಸೆಲ್‌ನಲ್ಲಿ ಗೋ ಟು. ಕಂಟ್ರೋಲ್ ಡಿ ವರ್ಡ್‌ನಲ್ಲಿ ಫಾಂಟಿನ ಕಿಟಕಿ, ಎಕ್ಸೆಲ್‌ನಲ್ಲಿ ಮೇಲಿನ ಮನೆಯದನ್ನು ಕೆಳಗೆ ತುಂಬುವುದು. ಪ್ರಶ್ನೆ ತೆಗೆಯುವವರಿಗೆ ಈ ಜಾಗ ಬಹಳ ಇಷ್ಟ. ಮನೆಯಲ್ಲಿ ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನಲ್ಲಿ ಅಭ್ಯಾಸ ಮಾಡುವವರು ಒಂದು ವಿಷಯ ಗಮನಿಸಿ, ಹೆಚ್ಚಿನ ಕೀಗಳು ಒಂದೇ, ಕೆಲವು ಬೇರೆ. ಅದರ ರೈಟರ್‌ನಲ್ಲಿ ಕಂಟ್ರೋಲ್ ಡಿ ಒತ್ತಿದರೆ ಅಕ್ಷರದ ಕೆಳಗೆ ಜೋಡಿ ಗೆರೆ ಬರುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಹೆಚ್ಚಾಗಿ ಮೈಕ್ರೋಸಾಫ್ಟ್ ಆಫೀಸಿನದು.

ನಿಮ್ಮ ಅರ್ಜಿಯನ್ನು ನೀವೇ ತುಂಬಿ

ಇದು ಪೋಷಕರಿಗೆ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಗಳ ದಾಖಲೆಗಳನ್ನೆಲ್ಲ ತೆಗೆದುಕೊಂಡು ಆನ್‌ಲೈನ್ ಸೆಂಟರಿಗೆ ಹೋಗುತ್ತೀರಿ, ಹಣ ಕೊಡುತ್ತೀರಿ, ಅಲ್ಲಿನ ಹುಡುಗ ಐದು ನಿಮಿಷದಲ್ಲಿ ಮುಗಿಸುತ್ತಾನೆ. ಮಗಳು ಪಕ್ಕದಲ್ಲಿ ನಿಂತು ಒಟಿಪಿ ಓದಿ ಹೇಳುತ್ತಾಳೆ. ಇಂಟರ್‌ನೆಟ್ ಭಾಗದ ಪೂರ್ತಿ ಪಾಠ ಆ ಐದು ನಿಮಿಷದಲ್ಲಿದೆ, ಅದನ್ನು ಕಲಿತವನು ಆ ಹುಡುಗ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಇರಲಿ, ಸೇವಾಸಿಂಧು ಇರಲಿ, ಈ ವರ್ಷ ಮಗಳೇ ಕೂತು ತುಂಬಲಿ. ಬ್ರೌಸರ್ ಎಂದರೇನು, ಕ್ಯಾಪ್ಚಾ ಏಕೆ, ಅಪ್‌ಲೋಡ್ ಯಾವುದು ಡೌನ್‌ಲೋಡ್ ಯಾವುದು, ಫೋನಿನಲ್ಲಿ ತೆಗೆದ 3 ಎಂಬಿ ಫೋಟೊ 50 ಕೆಬಿ ಕೇಳುವ ಜಾಗದಲ್ಲಿ ಏಕೆ ಹೋಗುವುದಿಲ್ಲ, ಅದನ್ನು ಚಿಕ್ಕದು ಮಾಡುವುದು ಹೇಗೆ ಎಂಬುದೆಲ್ಲ ಕೈಗೆ ಬರುತ್ತದೆ. ಒಂದು ಎಚ್ಚರ, ಫೋಟೊ ಚಿಕ್ಕದು ಮಾಡಲು ಗೊತ್ತಿಲ್ಲದ ಜಾಲತಾಣಗಳಿಗೆ ಆಧಾರ್ ಪ್ರತಿ ಹಾಕಬೇಡಿ. ವಿಂಡೋಸ್‌ನಲ್ಲೇ ಇರುವ ಪೇಂಟ್ ಸಾಕು.

ಜಾಲತಾಣದ ವಿಳಾಸವನ್ನು ಹಿಂದಿನಿಂದ ಓದುವುದನ್ನು ಕಲಿಸಿ. ನಮ್ಮ ರಾಜ್ಯ ಸರ್ಕಾರದ ತಾಣಗಳ ಹೆಸರು ಸಾಮಾನ್ಯವಾಗಿ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತದೆ. ಮೊದಲ ಓರೆಗೆರೆಗಿಂತ ಮುಂಚೆ ಹೆಸರು ಹೇಗೆ ಮುಗಿದಿದೆ ಎಂಬುದೇ ಮುಖ್ಯ. ನಡುವೆ ಎಲ್ಲೋ ಕರ್ನಾಟಕ, ಗವ್ ಎಂಬ ಪದಗಳಿದ್ದು ಕೊನೆಯಲ್ಲಿ ಡಾಟ್ ಕಾಮ್ ಇದ್ದರೆ ಅದು ಸರ್ಕಾರದ್ದಲ್ಲ. ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ನಂಬಬೇಡಿ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದು ಮಾತ್ರ ಅದರ ಅರ್ಥ. ಆ ತುದಿಯಲ್ಲಿ ಕೂತವನು ಕಳ್ಳನೋ ಸಾಚಾನೋ ಎಂದು ಬೀಗ ಹೇಳುವುದಿಲ್ಲ. ಹೀಗೆ ನಂಬಿಸಿ ಗುಟ್ಟಿನ ಸಂಖ್ಯೆ ಕಸಿಯುವುದೇ ಫಿಶಿಂಗ್, ಪರೀಕ್ಷೆಯಲ್ಲೂ ಬರುತ್ತದೆ, ಫೋನಿಗೂ ಬರುತ್ತದೆ. ವಿದ್ಯಾರ್ಥಿವೇತನ ಜಮಾ ಮಾಡಲು ಒಟಿಪಿ ಹೇಳಿ ಎಂದು ಯಾರೇ ಕರೆದರೂ, ನಮ್ಮ ಟ್ರಸ್ಟಿನ ಹೆಸರು ಹೇಳಿದರೂ, ಹೇಳಬೇಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಮೇಲ್‌ನಲ್ಲಿ ಸಿಸಿ, ಬಿಸಿಸಿ ವ್ಯತ್ಯಾಸ ಕೇಳುತ್ತಾರೆ. ಸಿಸಿಯಲ್ಲಿ ಹಾಕಿದ ವಿಳಾಸ ಎಲ್ಲರಿಗೂ ಕಾಣುತ್ತದೆ, ಬಿಸಿಸಿಯದು ಬೇರೆಯವರಿಗೆ ಕಾಣುವುದಿಲ್ಲ. ಹೆಸರು ಹೊರಗೆ ಬರಬಾರದೆಂದು ಬಯಸುವ ದಾನಿಗಳಿಗೆ ಪತ್ರ ಕಳಿಸುವಾಗ ಯಾವುದನ್ನು ಬಳಸಬೇಕೆಂದು ಕೇಳಿದರೆ ಮಕ್ಕಳು ಥಟ್ಟನೆ ಸರಿ ಹೇಳುತ್ತಾರೆ.

ಹಾಲ್‌ನಲ್ಲಿ

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆಂಬ ಭಯಕ್ಕೆ ಗೊತ್ತಿರುವುದನ್ನೂ ಬಿಟ್ಟುಬರುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಏನೂ ಗೊತ್ತಿಲ್ಲದೆ 16 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ, ನಾಲ್ಕರಲ್ಲೊಂದರ ಲೆಕ್ಕದಲ್ಲಿ 4 ಸರಿ, 12 ತಪ್ಪು. ಬಂದದ್ದು 4, ಹೋದದ್ದು 3, ಉಳಿದದ್ದು 1. ಅದೂ ಅದೃಷ್ಟ ನೆಟ್ಟಗಿದ್ದರೆ. ಇದಕ್ಕಾಗಿ ಕಷ್ಟಪಡುವುದು ಬೇಡ. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಿದ್ದರೆ ಅದೇ 16ರಲ್ಲಿ 8 ಸರಿ, 8 ತಪ್ಪು, ಕೈಗೆ ಬರುವುದು 6. ಮೇಲೆ ಹೇಳಿದ ಅಭ್ಯಾಸದಿಂದ ಎಲ್ಲ ಉತ್ತರ ಗೊತ್ತಾಗದಿದ್ದರೂ ತಪ್ಪು ಆಯ್ಕೆಗಳು ಗೊತ್ತಾಗುತ್ತವೆ, ಅಲ್ಲಿ ಧೈರ್ಯ ಮಾಡಬೇಕು. ಅಂಕ ಕಳೆಯುವ ನಿಯಮ, ಉತ್ತರಿಸದ ಪ್ರಶ್ನೆಯ ಮುಂದೆ ಏನು ಮಾಡಬೇಕೆಂಬ ಸೂಚನೆ, ಅಂಕಗಳ ಹಂಚಿಕೆ ಇವು ಒಂದೊಂದು ನೇಮಕಾತಿಗೆ ಬೇರೆ ಇರಬಹುದು. ಅಧಿಸೂಚನೆಯನ್ನೂ ಓಎಂಆರ್ ಹಾಳೆಯ ಮೇಲಿನ ಸೂಚನೆಯನ್ನೂ ಪೂರ್ತಿ ಓದಿ.

ಕೊನೆಯ ವಾರ ಹೊಸದನ್ನು ಕಲಿಯಬೇಡಿ. ಪೀಳಿಗೆಗಳ ಪ್ರಶ್ನೆ ಮಾತ್ರ ಬಾಯಿಪಾಠದ್ದೇ: ಮೊದಲು ವ್ಯಾಕ್ಯೂಮ್ ಟ್ಯೂಬ್, ಆಮೇಲೆ ಟ್ರಾನ್ಸಿಸ್ಟರ್, ಐಸಿ, ನಾಲ್ಕನೆಯದು ಮೈಕ್ರೋಪ್ರೊಸೆಸರ್. ಭಾರತದ ಪರಮ್ 8000 ಸೂಪರ್ ಕಂಪ್ಯೂಟರ್ 1991ರದು, ಸಿಡ್ಯಾಕ್‌ನದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ್ದು. ಇವನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಸಾಕು.

ದಾನಿಗಳಲ್ಲಿ ಒಂದು ಬಿನ್ನಹ

ಗೈಡುಗಳನ್ನು ಕೊಡಿಸುತ್ತೇವೆ ಎಂದು ಪ್ರತಿ ವರ್ಷ ಯಾರಾದರೂ ಮುಂದೆ ಬರುತ್ತಾರೆ, ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ನಮ್ಮಲ್ಲಿ ಗೈಡಿಗೆ ಬರವಿಲ್ಲ. ಬರ ಇರುವುದು ಯಂತ್ರದ ಮುಂದೆ ಕೂರುವ ಗಂಟೆಗಳಿಗೆ. ಭಾನುವಾರ ನಾಲ್ಕು ಗಂಟೆ ತರಗತಿ ನಡೆದರೆ ಒಂದು ಯಂತ್ರದಲ್ಲಿ ನಾಲ್ವರು ಮಕ್ಕಳು ತಲಾ ಒಂದು ಗಂಟೆ ಕೂರಬಹುದು. ಹನ್ನೆರಡು ವಾರಕ್ಕೆ ಪ್ರತಿಯೊಬ್ಬರಿಗೂ ಹನ್ನೆರಡು ಗಂಟೆ. ಈ ಪಾಠಕ್ಕೆ ಅಷ್ಟು ಸಾಕಾಗುತ್ತದೆ, ಅದಕ್ಕಿಂತ ಕಡಿಮೆಯಾದರೆ ಸಾಲದು. ಒಂದೇ ಯಂತ್ರದ ಸುತ್ತ ಆರು ಮಂದಿ ನಿಂತರೆ ಕಲಿಯುವವನು ಮೌಸ್ ಹಿಡಿದವನೊಬ್ಬನೇ, ಹೆಣ್ಣುಮಕ್ಕಳು ಹಿಂದೆ ನಿಂತೇ ಮನೆಗೆ ಹೋಗುತ್ತಾರೆ. ನಿಮ್ಮ ಅಂಗಡಿ, ಕಚೇರಿಗಳಲ್ಲಿ ಹೊಸದು ಬಂದ ಮೇಲೆ ಮೂಲೆಗೆ ಸೇರಿದ ಲ್ಯಾಪ್‌ಟಾಪ್ ಇದ್ದರೆ ಕೊಡಿ. 4 ಜಿಬಿ ರ‍್ಯಾಮ್ ಇದ್ದರೂ ಈ ಅಭ್ಯಾಸಕ್ಕೆ ನಡೆಯುತ್ತದೆ. ಕೊಡುವ ಮುನ್ನ ನಿಮ್ಮ ಖಾಸಗಿ ಫೈಲುಗಳನ್ನು ತೆಗೆದಿಡಿ.

ಕೋಚಿಂಗಿಗೆಂದು ಧಾರವಾಡಕ್ಕೋ ಕಲಬುರಗಿಗೋ ಗಂಡುಮಕ್ಕಳನ್ನು ಕಳಿಸುವ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುತ್ತವೆ. ಆ ಚರ್ಚೆ ಬೇರೆ. ಆದರೆ ಊರಿನಲ್ಲೇ ಹನ್ನೆರಡು ಗಂಟೆ ಸಿಕ್ಕರೆ ಅಷ್ಟರಮಟ್ಟಿಗೆ ಆ ಕಾರಣ ಉಳಿಯುವುದಿಲ್ಲ. 2019ರಲ್ಲಿ ಆರಂಭವಾದ ಐಐಐಟಿ ಈಗ ನಮ್ಮ ಜಿಲ್ಲೆಯಲ್ಲೇ ನಡೆಯುತ್ತಿದೆ. ಅಲ್ಲಿ ಓದಲು ದೇಶದ ಬೇರೆ ಬೇರೆ ಕಡೆಯಿಂದ ಮಕ್ಕಳು ರಾಯಚೂರಿಗೆ ಬರುತ್ತಾರೆ. ಇಲ್ಲಿನ ಹುಡುಗಿ ಪದವಿ ಮುಗಿಸಿದ ಮೇಲೂ ಮೌಸ್ ಮುಟ್ಟಿರಲಿಲ್ಲ.

ಆಕೆ ಈಗ ಮುಂದಿನ ಅಧಿಸೂಚನೆಗೆ ಕಾಯುತ್ತಿದ್ದಾಳೆ. ಅಷ್ಟರಲ್ಲಿ ಚಿಕ್ಕ ಮಕ್ಕಳಿಗೆ ಫೋಲ್ಡರ್ ಪಾಠವನ್ನು ಅವಳೇ ಹೇಳಿಕೊಡುತ್ತಿದ್ದಾಳೆ, ನನಗಿಂತ ತಾಳ್ಮೆಯಿಂದ.

ಹೊಸ ತರಗತಿಗೆ ಬರುವವರು ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟದಲ್ಲಿರುವ ಕಂಪ್ಯೂಟರ್ ತರಗತಿ ಎಂಬ ಚೌಕದಲ್ಲಿ ಗುರುತು ಹಾಕಿ. ಭಾನುವಾರ ಜುಹರ್ ನಮಾಝಿನ ನಂತರ ಹೆಣ್ಣುಮಕ್ಕಳಿಗೆ, ಅಸರ್ ನಂತರ ಗಂಡುಮಕ್ಕಳಿಗೆ. ಶುಲ್ಕವಿಲ್ಲ. ತರಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್‌ಡ್ರೈವ್, ಅದರೊಳಗೆ ನಿಮ್ಮ ಅಂಕಪಟ್ಟಿಯ ಒಂದು ಪ್ರತಿ. ಪೆನ್‌ಡ್ರೈವ್ ಕೊಳ್ಳಲಾಗದವರು ಹೇಳಿ, ಟ್ರಸ್ಟಿನಿಂದ ಕೊಡುತ್ತೇವೆ.